ಪ್ರತಿ ಇತ್ತು, ಡೇಟಾಬೇಸ್ ಏಳಲಿಲ್ಲ: ಒಂದು ಡಿಆರ್ ವೈಫಲ್ಯದ ಪ್ರಕರಣ ಅಧ್ಯಯನ

ಡಿಆರ್ ಕೇಂದ್ರದಲ್ಲಿ, ಅಂದರೆ ವಿಪತ್ತು ಬಂದಾಗ ಕೆಲಸ ವಹಿಸಿಕೊಳ್ಳುವ ಬದಲಿ ಕೇಂದ್ರದಲ್ಲಿ, ಪ್ರತಿಯಾಗುತ್ತಿದ್ದ ವಾಲ್ಯೂಮ್‌ಗಳೆಲ್ಲ (ಸ್ಟೋರೇಜ್‌ನಿಂದ ಸರ್ವರ್‌ಗೆ ಡಿಸ್ಕ್‌ನಂತೆ ಸಿಗುವ ಭಾಗಗಳು) ಕಾಣಿಸಿದವು. ಗಾತ್ರ ಸರಿಯಿತ್ತು, ಮೌಂಟ್ ಆದವು, ಫೈಲ್ ಸಿಸ್ಟಮ್ ಪರೀಕ್ಷೆಯಲ್ಲಿ ಒಂದು ದೋಷವೂ ಕಾಣಲಿಲ್ಲ. ಸ್ಟೋರೇಜ್ ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿಯೊಂದು ರೆಪ್ಲಿಕೇಶನ್ ಜೋಡಿಯ (ಮೂಲ ವಾಲ್ಯೂಮ್ ಮತ್ತು ಆಚೆಯ ಅದರ ಪ್ರತಿ) ಮುಂದೆಯೂ ಹಸಿರು ಗುರುತು ಇತ್ತು. ಡೇಟಾಬೇಸ್ ಮಾತ್ರ ಏಳಲು ಒಪ್ಪಲಿಲ್ಲ. ಸರಿಯಾದ ಚೆಕ್‌ಪಾಯಿಂಟ್ (ಅದುವರೆಗಿನ ಬದಲಾವಣೆಗಳೆಲ್ಲ ಡಿಸ್ಕ್ ಸೇರಿವೆ ಎಂಬ ಗುರುತು) ದಾಖಲೆ ಸಿಗುತ್ತಿಲ್ಲ ಎಂದು ತನ್ನ ಸಂದೇಶಗಳ ಕಡತದಲ್ಲಿ ಒಂದು ಸಾಲು ಬರೆದು ನಿಂತುಬಿಟ್ಟಿತು. ಅದೃಷ್ಟಕ್ಕೆ ಅದು ನಿಜವಾದ ವಿಪತ್ತಲ್ಲ, ಡಿಆರ್ ಡ್ರಿಲ್. ಆದರೆ ನಿಜವಾದ ವಿಪತ್ತು ಅದೇ ಗಳಿಗೆಯಲ್ಲಿ ಬಂದಿದ್ದರೂ ಫಲಿತಾಂಶ ಅದೇ ಆಗಿರುತ್ತಿತ್ತು.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣವಿದೆ. ಇಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ, ಯಾವ ಸಾಫ್ಟ್‌ವೇರ್‌ನಲ್ಲಿಯೂ ದೋಷವಿರಲಿಲ್ಲ. ರೆಪ್ಲಿಕೇಶನ್ ತನಗೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಹೇಳಿದ್ದೇ ಬೇರೆ, ಬೇಕಾಗಿದ್ದೇ ಬೇರೆ. ಆ ಅಂತರವನ್ನು ಯಾವ ಪರದೆಯೂ ತೋರಿಸುತ್ತಿರಲಿಲ್ಲ. ಸಂಸ್ಥೆಯ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಸಮಯಗಳನ್ನು ಓದುಗರ ಅನುಕೂಲಕ್ಕೆ ದುಂಡಾಗಿಸಿದ್ದೇನೆ.

ವ್ಯವಸ್ಥೆ ಹೇಗಿತ್ತು

ಎರಡು ಡೇಟಾ ಕೇಂದ್ರಗಳು, ನಡುವೆ ಸುಮಾರು 300 ಕಿಲೋಮೀಟರ್ ದೂರ. ಎರಡೂ ಕಡೆ ಒಂದೇ ಬಗೆಯ ಸ್ಟೋರೇಜ್ ಅರೇ, ಅಂದರೆ ಅನೇಕ ಡಿಸ್ಕ್‌ಗಳನ್ನು ಒಟ್ಟಾಗಿ ನಿರ್ವಹಿಸುವ ಯಂತ್ರ. ರೆಪ್ಲಿಕೇಶನ್ ಅಸಿಂಕ್ರೊನಸ್ (ಆಚೆಯ ಪ್ರತಿಗೆ ಕಾಯದೆ ನಡೆಯುವಂಥದ್ದು), ಸ್ನ್ಯಾಪ್‌ಶಾಟ್ (ಒಂದು ಗಳಿಗೆಯ ಸ್ಥಿರ ಚಿತ್ರ) ಆಧಾರಿತ. ನಿಗದಿತ ಅವಧಿಗೊಮ್ಮೆ ಪ್ರಾಥಮಿಕ ಕೇಂದ್ರದಲ್ಲಿ ವಾಲ್ಯೂಮ್‌ನ ಸ್ನ್ಯಾಪ್‌ಶಾಟ್ ತೆಗೆದು, ಹಿಂದಿನ ಸ್ನ್ಯಾಪ್‌ಶಾಟ್‌ಗೂ ಇದಕ್ಕೂ ನಡುವೆ ಬದಲಾದ ಬ್ಲಾಕ್‌ಗಳನ್ನಷ್ಟೇ ಆಚೆಗೆ ಕಳುಹಿಸುವ ಕ್ರಮ. ವರ್ಗಾವಣೆ ಪೂರ್ಣವಾದ ಕೊನೆಯ ಸ್ನ್ಯಾಪ್‌ಶಾಟ್ ಯಾವುದೋ ಅದೇ ಡಿಆರ್ ಕಡೆಯ ಬಳಕೆಗೆ ಸಿಗುವ ಪ್ರತಿ. ಮುಖ್ಯ ಡೇಟಾಬೇಸ್ ಪೋಸ್ಟ್‌ಗ್ರೆಸ್. ಗರಿಷ್ಠ 15 ನಿಮಿಷದ ಡೇಟಾ ಕಳೆದುಕೊಳ್ಳಬಹುದು ಎಂಬ ಆರ್‌ಪಿಒ ಗುರಿ ಕಾಗದದ ಮೇಲಿತ್ತು.

ಆರಂಭದಲ್ಲಿ ಇಡೀ ಡೇಟಾಬೇಸ್ ಒಂದೇ ವಾಲ್ಯೂಮ್ ಮೇಲಿತ್ತು. ಅದಕ್ಕೆ 5 ನಿಮಿಷದ ವೇಳಾಪಟ್ಟಿ ಇತ್ತು. ಕಾಲ ಕಳೆದಂತೆ ವಹಿವಾಟು ಹೆಚ್ಚಿತು, ಬರವಣಿಗೆ ನಿಧಾನವಾಯಿತು. ಡೇಟಾಬೇಸ್ ತಂಡ ಎಲ್ಲರೂ ಮಾಡುವ ಕೆಲಸವನ್ನೇ ಮಾಡಿತು: ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಲಾಗ್ ಇರುವ ಡೈರೆಕ್ಟರಿಯನ್ನು ವೇಗದ ಡಿಸ್ಕ್‌ಗಳ ಮೇಲಿನ ಪ್ರತ್ಯೇಕ ವಾಲ್ಯೂಮ್‌ಗೆ ಸ್ಥಳಾಂತರಿಸಿತು. ಕೋರಿಕೆಯಲ್ಲಿ 'ರೆಪ್ಲಿಕೇಶನ್ ಬೇಕು' ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಸ್ಟೋರೇಜ್ ತಂಡ ಹೊಸ ವಾಲ್ಯೂಮ್ ಮಾಡಿಕೊಟ್ಟಿತು, ರೆಪ್ಲಿಕೇಶನ್ ಜೋಡಿಯನ್ನೂ ರಚಿಸಿತು. ಜೋಡಿಗೆ ಬಂದದ್ದು ಅರೇಯ ಪೂರ್ವನಿಯೋಜಿತ ನೀತಿ, ಅಂದರೆ 30 ನಿಮಿಷಕ್ಕೊಮ್ಮೆ.

ಹಳೆಯ ಡೇಟಾ ವಾಲ್ಯೂಮ್‌ಗೆ 5 ನಿಮಿಷ, ಹೊಸ ಲಾಗ್ ವಾಲ್ಯೂಮ್‌ಗೆ 30 ನಿಮಿಷ. ಎರಡನ್ನೂ ಒಂದೇ ಗಳಿಗೆಯಲ್ಲಿ ಹಿಡಿಯಬೇಕೆಂದು ಅರೇಗೆ ತಿಳಿಸುವ ಕನ್ಸಿಸ್ಟೆನ್ಸಿ ಗ್ರೂಪ್ ಇರಲಿಲ್ಲ. ಒಂದೇ ವಾಲ್ಯೂಮ್ ಇದ್ದ ಕಾಲದಲ್ಲಿ ಅದರ ಅಗತ್ಯವೂ ಬಿದ್ದಿರಲಿಲ್ಲ.

ಮೊದಲು ಅನುಮಾನಿಸಿದ್ದು

ಡ್ರಿಲ್ ವಿಫಲವಾದಾಗ ಎಲ್ಲರ ಬೆರಳೂ ಲಿಂಕ್ ಕಡೆ ತಿರುಗಿತು. ದೂರದ ರೆಪ್ಲಿಕೇಶನ್ ಎಂದರೆ ಲಿಂಕ್ ಸಾಲದು ಎಂಬ ಊಹೆ ತಾನಾಗಿ ಹುಟ್ಟುತ್ತದೆ. ಅದನ್ನು ಮಾತಿನಲ್ಲಿ ತಳ್ಳಿಹಾಕದೆ ಅಳೆದೇ ನೋಡಬೇಕು. ಲಿಂಕ್ ಸೆಕೆಂಡಿಗೆ 1 ಗಿಗಾಬಿಟ್‌ನದು, ಹೋಗಿ ಬರುವ ವಿಳಂಬ ಸುಮಾರು 8 ಮಿಲಿಸೆಕೆಂಡ್. ಇಂಥ ಲಿಂಕ್ ತುಂಬಿ ಹರಿಯಬೇಕಾದರೆ ಯಾವುದೇ ಕ್ಷಣದಲ್ಲಿ ಸುಮಾರು 1 ಮೆಗಾಬೈಟ್ ಡೇಟಾ ದಾರಿಯಲ್ಲಿರಬೇಕು. ಟಿಸಿಪಿ ವಿಂಡೋ (ಉತ್ತರ ಬರುವ ಮೊದಲು ಕಳುಹಿಸಬಹುದಾದ ಡೇಟಾದ ಮಿತಿ) 64 ಕಿಲೋಬೈಟ್‌ಗೆ ಸೀಮಿತವಾಗಿದ್ದರೆ ಒಂದು ಸಂಪರ್ಕದಲ್ಲಿ ಸೆಕೆಂಡಿಗೆ 65 ಮೆಗಾಬಿಟ್‌ನ ಆಸುಪಾಸಿನಲ್ಲಿಯೇ ವೇಗ ನಿಲ್ಲುತ್ತದೆ. ಎಷ್ಟು ದೊಡ್ಡ ಲಿಂಕ್ ಕೊಂಡರೂ ಪ್ರಯೋಜನವಿಲ್ಲ. ಇಲ್ಲಿ ಆ ಮಿತಿಯನ್ನು ಹಿಗ್ಗಿಸುವ ವಿಂಡೋ ಸ್ಕೇಲಿಂಗ್ ಎರಡೂ ಕಡೆ ಚಾಲನೆಯಲ್ಲಿತ್ತು, ವೇಗವೂ ಸರಿಯಾಗಿ ಸಿಗುತ್ತಿತ್ತು.

ಮುಂದಿನ ಅನುಮಾನ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ರೆಪ್ಲಿಕೇಶನ್ ಪೋರ್ಟ್‌ಗಳನ್ನು 9000 ಬೈಟ್‌ಗೆ ಹೊಂದಿಸಿ, ನಡುವಿನ ಯಾವುದೋ ಒಂದು ಸಾಧನ 1500ರಲ್ಲಿಯೇ ಉಳಿದರೆ, ಪಿಂಗ್‌ನಂಥ ಸಣ್ಣ ಪ್ಯಾಕೆಟ್‌ಗಳು ಸಲೀಸಾಗಿ ಹೋಗುತ್ತವೆ, ದೊಡ್ಡವು ಸದ್ದಿಲ್ಲದೆ ಸಾಯುತ್ತವೆ. ಪ್ಯಾಕೆಟ್ ಒಡೆಯಬಾರದು ಎಂಬ ಗುರುತಿನೊಡನೆ 8972 ಬೈಟ್‌ನ ಪಿಂಗ್ ಕಳುಹಿಸಿದರೆ ಇದು ತಕ್ಷಣ ಗೊತ್ತಾಗುತ್ತದೆ. ಐಪಿ ಮತ್ತು ಐಸಿಎಂಪಿ ಶೀರ್ಷಿಕೆಗಳ 28 ಬೈಟ್ ಸೇರಿದರೆ ಅದು ಸರಿಯಾಗಿ 9000. ಎಲ್ಲ ಪೋರ್ಟ್‌ಗಳಿಂದಲೂ ಉತ್ತರ ಬಂತು. ಅಲ್ಲಿಗೆ ನೆಟ್‌ವರ್ಕ್ ವಿಚಾರ ಮುಗಿಯಿತು.

ಸುಳಿವು ಸಿಕ್ಕ ಜಾಗ

ಇಂಥ ಸಂದರ್ಭದಲ್ಲಿ ಸ್ಟೋರೇಜ್ ಪರದೆಯನ್ನು ಬದಿಗಿಟ್ಟು, ಆಚೆಗೆ ತಲುಪಿದ ಡೇಟಾವನ್ನೇ ನೋಡುವುದು ಮೇಲು. ಡಿಆರ್ ಕಡೆಯ ಪ್ರತಿಗಳ ಕ್ಲೋನ್ ಮಾಡಿ, ಮೂಲವನ್ನು ಮುಟ್ಟದೆ, ಪ್ರತಿ ಮೌಂಟ್‌ನಲ್ಲಿಯೂ ತೀರಾ ಇತ್ತೀಚೆಗೆ ಬದಲಾದ ಫೈಲ್ ಯಾವುದೆಂದು ಹುಡುಕಿದೆವು. ಡೇಟಾ ವಾಲ್ಯೂಮ್‌ನಲ್ಲಿ ಅದು 11 ಗಂಟೆ 20 ನಿಮಿಷದ್ದು. ಲಾಗ್ ವಾಲ್ಯೂಮ್‌ನಲ್ಲಿ 11 ಗಂಟೆಯದು. ಲಿಂಕ್ ಕಡಿದದ್ದು 11 ಗಂಟೆ 27 ನಿಮಿಷಕ್ಕೆ. ಎರಡೂ ಸಮಯಗಳನ್ನು ಬರೆದದ್ದು ಪ್ರಾಥಮಿಕ ಕೇಂದ್ರದ ಒಂದೇ ಸರ್ವರ್ ಆದ್ದರಿಂದ ಗಡಿಯಾರಗಳ ವ್ಯತ್ಯಾಸ ಎಂದು ಹೇಳಿ ಪಾರಾಗುವಂತಿರಲಿಲ್ಲ. ಒಂದೇ ಡೇಟಾಬೇಸ್‌ನ ಎರಡು ಅಂಗಗಳು 20 ನಿಮಿಷದ ಅಂತರದಲ್ಲಿ ನಿಂತಿದ್ದವು.

ಈ 20 ನಿಮಿಷ ಯಾಕೆ ಪ್ರಾಣಕ್ಕೇ ಬರುತ್ತದೆ ಎಂದು ತಿಳಿಯಲು ಪೋಸ್ಟ್‌ಗ್ರೆಸ್ ಬರೆಯುವ ಕ್ರಮವನ್ನು ನೆನೆಯಬೇಕು. ಕಿರ್ದಿ ಮತ್ತು ಖಾತೆ ಪುಸ್ತಕ ಇಟ್ಟವರಿಗೆ ಇದು ಹೊಸದಲ್ಲ: ಕಿರ್ದಿಯಲ್ಲಿ ಬರೆಯದೆ ಯಾವುದನ್ನೂ ಖಾತೆಗೆ ಏರಿಸುವಂತಿಲ್ಲ. ಡೇಟಾಬೇಸ್‌ನ ವಾಲ್ ಎಂಬ ಲಾಗ್ ಆ ಕಿರ್ದಿ, ಟೇಬಲ್‌ಗಳ ಮತ್ತು ಸಾಲುಗಳನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್‌ಗಳ 8 ಕಿಲೋಬೈಟ್ ಪುಟಗಳು ಖಾತೆ. ಒಂದು ಪುಟದ ಬದಲಾವಣೆ ಡಿಸ್ಕ್‌ಗೆ ಇಳಿಯುವ ಮೊದಲು ಅದರ ದಾಖಲೆ ಲಾಗ್‌ನಲ್ಲಿ ಡಿಸ್ಕ್ ಸೇರಿರಲೇಬೇಕು. ವಿದ್ಯುತ್ ಹೋಗಿ ಸರ್ವರ್ ಬಿದ್ದರೂ ಡೇಟಾಬೇಸ್ ಮತ್ತೆ ಏಳುವುದು ಈ ನಿಯಮದ ಬಲದಿಂದಲೇ. ಕೊನೆಯ ಚೆಕ್‌ಪಾಯಿಂಟ್ ಎಲ್ಲಿತ್ತು ಎಂಬುದನ್ನು ಕಂಟ್ರೋಲ್ ಫೈಲ್ ಹೇಳುತ್ತದೆ, ಅಲ್ಲಿಂದ ಮುಂದಕ್ಕೆ ಲಾಗ್ ಓದುತ್ತಾ ಪುಟಗಳನ್ನು ಸರಿಪಡಿಸಿಕೊಳ್ಳಲಾಗುತ್ತದೆ.

ಈಗ ನಮ್ಮ ಪ್ರತಿಗಳನ್ನು ನೋಡಿ. ಕಂಟ್ರೋಲ್ ಫೈಲ್ ಇರುವುದು ಡೇಟಾ ವಾಲ್ಯೂಮ್‌ನಲ್ಲಿ, ಅದು 11:20ರದು. ಚೆಕ್‌ಪಾಯಿಂಟ್‌ಗಳ ನಡುವಿನ ಗರಿಷ್ಠ ಅವಧಿ ಪೋಸ್ಟ್‌ಗ್ರೆಸ್‌ನಲ್ಲಿ ಪೂರ್ವನಿಯೋಜಿತವಾಗಿ 5 ನಿಮಿಷ. ಅದನ್ನಿಲ್ಲಿ ಯಾರೂ ಬದಲಿಸಿರಲಿಲ್ಲ. ಹಾಗಾಗಿ ಕಂಟ್ರೋಲ್ ಫೈಲ್ ಬೊಟ್ಟು ಮಾಡುತ್ತಿದ್ದ ಚೆಕ್‌ಪಾಯಿಂಟ್ 11 ಗಂಟೆಯ ನಂತರದ್ದು. ಆದರೆ ಲಾಗ್‌ನ ಪ್ರತಿ 11 ಗಂಟೆಗೇ ಮುಗಿದಿತ್ತು. ಹುಡುಕುತ್ತಿದ್ದ ದಾಖಲೆ ಇನ್ನೂ ಆಚೆಯ ಊರಿನಲ್ಲಿಯೇ ಇತ್ತು.

ಇದನ್ನು ಊಹೆಯಾಗಿ ಬಿಡದೆ ದೃಢಪಡಿಸಿಕೊಂಡೆವು. ಪಿಜಿ_ಕಂಟ್ರೋಲ್‌ಡೇಟಾ ಎಂಬ ಉಪಕರಣ ಚೇತರಿಕೆಗೆ ಯಾವ ಲಾಗ್ ಫೈಲ್ ಬೇಕು ಎಂಬುದನ್ನು ಹೆಸರಿನ ಸಮೇತ ಹೇಳುತ್ತದೆ. ಇಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಆ ಹೆಸರಿನ ಫೈಲ್ ಲಾಗ್ ವಾಲ್ಯೂಮ್‌ನಲ್ಲಿ ಇತ್ತು! ಪೋಸ್ಟ್‌ಗ್ರೆಸ್ ಹಳೆಯ ಲಾಗ್ ಫೈಲ್‌ಗಳನ್ನು ಅಳಿಸುವ ಬದಲು, ಮುಂದೆ ಬೇಕಾಗುವ ಹೆಸರನ್ನು ಕೊಟ್ಟು ಮರುಬಳಕೆಗೆ ಇಟ್ಟುಕೊಳ್ಳುತ್ತದೆ. ಹೆಸರು ಹೊಸದು, ಒಳಗಿನದು ಹಳೆಯದು. ಡೈರೆಕ್ಟರಿಯ ಪಟ್ಟಿ ನೋಡಿ 'ಫೈಲ್ ಇದೆಯಲ್ಲ' ಎಂದು ತೃಪ್ತಿಪಟ್ಟರೆ ತನಿಖೆ ದಾರಿ ತಪ್ಪುತ್ತದೆ. ಪಿಜಿ_ವಾಲ್‌ಡಂಪ್‌ನಿಂದ ಒಳಗಿನ ದಾಖಲೆಗಳನ್ನು ತೆರೆದು ನೋಡಿದಾಗಲೇ ಸರಣಿ 11 ಗಂಟೆಯ ಹೊತ್ತಿಗೆ ತುಂಡಾಗಿದ್ದು ಕಂಡಿತು.

ಹಸಿರು ಗುರುತು ಏನು ಹೇಳುತ್ತಿತ್ತು

ಹಾಗಾದರೆ ಡ್ಯಾಶ್‌ಬೋರ್ಡ್ ಸುಳ್ಳು ಹೇಳಿತೇ? ಇಲ್ಲ. ಪ್ರತಿ ಜೋಡಿಯ ವಿಳಂಬವನ್ನು ಅದು ಆ ಜೋಡಿಯ ಸ್ವಂತ ವೇಳಾಪಟ್ಟಿಯೊಡನೆ ಹೋಲಿಸುತ್ತಿತ್ತು. 30 ನಿಮಿಷದ ನೀತಿಯಿರುವ ಜೋಡಿ 27 ನಿಮಿಷ ಹಿಂದಿದ್ದರೆ ಅದರ ಲೆಕ್ಕದಲ್ಲಿ ಆರೋಗ್ಯವಾಗಿಯೇ ಇದೆ. 15 ನಿಮಿಷದ ಆರ್‌ಪಿಒ ಎಂಬ ಗುರಿ ಅರೇಗೆ ಗೊತ್ತೇ ಇರಲಿಲ್ಲ, ಅದು ಇದ್ದದ್ದು ಕಡತದಲ್ಲಿ. ಇವೆರಡು ವಾಲ್ಯೂಮ್‌ಗಳು ಒಂದೇ ಡೇಟಾಬೇಸ್‌ಗೆ ಸೇರಿದವು ಎಂಬುದೂ ಅದಕ್ಕೆ ಗೊತ್ತಿರಲಿಲ್ಲ. ಯಾರೂ ಹೇಳದಿದ್ದರೆ ಅರೇಗೆ ಗೊತ್ತಾಗುವುದಾದರೂ ಹೇಗೆ?

ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಲಾಗ್ ವಾಲ್ಯೂಮ್ ಬೇರೆಯಾದ ಮೇಲೂ ಡಿಆರ್ ಡ್ರಿಲ್‌ಗಳು ನಡೆದಿದ್ದವು, ಯಶಸ್ವಿ ಎಂದು ವರದಿಯೂ ಆಗಿತ್ತು. ವರದಿಗಳಲ್ಲಿ ತಪ್ಪಿರಲಿಲ್ಲ. ಆ ಡ್ರಿಲ್‌ಗಳ ಕ್ರಮ ಹೀಗಿತ್ತು: ಮೊದಲು ಅಪ್ಲಿಕೇಶನ್ ನಿಲ್ಲಿಸುವುದು, ನಂತರ ಡೇಟಾಬೇಸನ್ನು ಕ್ರಮವಾಗಿ ಮುಚ್ಚುವುದು, ಆಮೇಲೆ ಎಲ್ಲ ಜೋಡಿಗಳಿಗೂ ಕೈಯಿಂದ ಒಂದು ಕೊನೆಯ ವರ್ಗಾವಣೆ ಕೊಡುವುದು, ಆ ಬಳಿಕ ಜೋಡಿ ಮುರಿದು ಡಿಆರ್ ಕಡೆ ಎಬ್ಬಿಸುವುದು. ಮುಚ್ಚಿದ ಡೇಟಾಬೇಸ್‌ನಲ್ಲಿ ಏನೂ ಬದಲಾಗುವುದಿಲ್ಲ. ಯಾವ ವಾಲ್ಯೂಮ್ ಯಾವಾಗ ಹೋದರೂ ಎರಡೂ ಒಂದೇ ಸ್ಥಿತಿಯಲ್ಲಿರುತ್ತವೆ. ಅದು ಯೋಜಿತ ಸ್ಥಳಾಂತರದ ಪರೀಕ್ಷೆ. ಬೆಂಕಿಯೋ ಪ್ರವಾಹವೋ ಬಂದಾಗ ಕೊನೆಯ ವರ್ಗಾವಣೆಗೆ ಯಾರೂ ಸಮಯ ಕೊಡುವುದಿಲ್ಲ. ಈ ಬಾರಿ ಮೊದಲ ಸಲ, ಕೆಲಸದ ಒತ್ತಡ ಇರುವಾಗಲೇ ಲಿಂಕ್ ಕಡಿದು ನೋಡಲು ಸಂಸ್ಥೆ ನಿರ್ಧರಿಸಿತ್ತು. ಆ ನಿರ್ಧಾರ ಮಾಡಿದವರಿಗೆ ನನ್ನ ಗೌರವ ಸಲ್ಲಬೇಕು, ಯಾಕೆಂದರೆ ಚೆನ್ನಾಗಿ ನಡೆಯುತ್ತಿರುವ ಡ್ರಿಲ್ ಅನ್ನು ಕಠಿಣಗೊಳಿಸಿ ಎಂದು ಯಾರೂ ಅವರನ್ನು ಒತ್ತಾಯಿಸಿರಲಿಲ್ಲ.

ಎದ್ದು ನಿಲ್ಲುವುದು ಇನ್ನೂ ಅಪಾಯಕಾರಿ

ಡ್ರಿಲ್ ನಡೆಯುತ್ತಿರುವಾಗ ಒಂದು ಸಲಹೆ ಬಂದಿತ್ತು: ಪಿಜಿ_ರೀಸೆಟ್‌ವಾಲ್ ಓಡಿಸಿದರೆ ಡೇಟಾಬೇಸ್ ಏಳುತ್ತದಲ್ಲ? ಏಳುತ್ತದೆ, ನಿಜ. ಆ ಉಪಕರಣ ಇರುವ ಲಾಗ್ ಎಲ್ಲವನ್ನೂ ಬಿಸಾಡಿ, ಹೊಸ ಜಾಗದಿಂದ ಶುರು ಮಾಡು ಎಂದು ಕಂಟ್ರೋಲ್ ಫೈಲ್‌ಗೆ ಹೇಳುತ್ತದೆ. ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಯೇ ಇದನ್ನು ಕೊನೆಯ ಉಪಾಯ ಎನ್ನುತ್ತದೆ. ಓಡಿಸಿದ ನಂತರ ಡೇಟಾವನ್ನು ಡಂಪ್ ಮಾಡಿ ಹೊಸ ಡೇಟಾಬೇಸ್‌ಗೆ ತುಂಬಬೇಕು, ಅಸಂಗತತೆಗಳನ್ನು ಹುಡುಕಬೇಕು ಎಂದು ಎಚ್ಚರಿಸುತ್ತದೆ. ಆ ಎಚ್ಚರಿಕೆಯ ಅರ್ಥ ಕಣ್ಣಾರೆ ಕಾಣಲಿ ಎಂದು ಒಂದು ಕ್ಲೋನ್ ಮೇಲೆ ಓಡಿಸಿ ನೋಡಿದೆವು.

ಡೇಟಾಬೇಸ್ ತಕ್ಷಣ ಎದ್ದಿತು. ಅಪ್ಲಿಕೇಶನ್ ಲಾಗಿನ್ ಆಯಿತು, ಪರದೆಗಳು ತೆರೆದುಕೊಂಡವು, ಹಳೆಯ ದಾಖಲೆಗಳು ಕಾಣಿಸಿದವು. ಅಷ್ಟನ್ನು ನೋಡಿ ಯಶಸ್ಸು ಎಂದು ಸಹಿ ಹಾಕಬಹುದಿತ್ತು. ನಂತರ ಆಮ್‌ಚೆಕ್ ಎಂಬ ಪರಿಶೀಲನಾ ಸಾಧನವನ್ನು ಟೇಬಲ್‌ನ ಪ್ರತಿ ಸಾಲೂ ಇಂಡೆಕ್ಸ್‌ನಲ್ಲಿದೆಯೇ ಎಂದು ನೋಡುವ ಆಯ್ಕೆಯೊಡನೆ ಓಡಿಸಿದೆವು. ಟೇಬಲ್‌ನಲ್ಲಿರುವ ಸಾಲುಗಳು ಇಂಡೆಕ್ಸ್‌ನಲ್ಲಿ ಇಲ್ಲ ಎಂಬ ದೂರುಗಳು ಬಂದವು. ಒಂದು ಸಂಖ್ಯೆ ಎರಡು ಬಾರಿ ಬರದಂತೆ ನೋಡುವ ಪ್ರಾಥಮಿಕ ಕೀ ಇರುವ ಟೇಬಲ್‌ನಲ್ಲಿಯೇ ಒಂದೇ ಸಂಖ್ಯೆಯ ಎರಡು ಸಾಲುಗಳು ಸಿಕ್ಕವು. ವಹಿವಾಟು ಪೂರ್ಣವಾಯಿತೇ ಇಲ್ಲವೇ ಎಂಬ ಗುರುತನ್ನು ಪೋಸ್ಟ್‌ಗ್ರೆಸ್ ಬೇರೆಯೇ ಫೈಲ್‌ನಲ್ಲಿ ಇಡುತ್ತದೆ. ಆ ಪುಟ ಡಿಸ್ಕ್‌ಗೆ ಇಳಿಯುವ ಮೊದಲು ಲಾಗ್ ಕಳೆದುಹೋದರೆ, ಗ್ರಾಹಕರಿಗೆ 'ಆಯಿತು' ಎಂದು ಹೇಳಿದ ವಹಿವಾಟು ನಡೆದೇ ಇಲ್ಲ ಎಂದಾಗುತ್ತದೆ.

ಪುಟದ ಒಳಗಿನದು ಕೆಟ್ಟಿದೆಯೇ ಎಂದು ನೋಡುವ ಚೆಕ್‌ಸಮ್ ಪರೀಕ್ಷೆ ಏನು ಹೇಳಿತು? ಎಲ್ಲ ಸರಿಯಿದೆ ಎಂದಿತು. ಅದು ಸಹಜ. ಪ್ರತಿಯೊಂದು ಪುಟವೂ ತನ್ನಷ್ಟಕ್ಕೆ ತಾನು ಸರಿಯಾಗಿಯೇ ಇತ್ತು. ಪುಟ ಪುಟಗಳ ನಡುವಿನ ಕಾಲ ಹೊಂದಿರಲಿಲ್ಲ. ಚೆಕ್‌ಸಮ್ ನೋಡುವುದು ಒಂದೊಂದು ಪುಟವನ್ನು ಮಾತ್ರ.

ಇದಕ್ಕಿಂತ ಭಯ ಹುಟ್ಟಿಸಿದ ಸಂಗತಿ ಕಾಗದದ ಮೇಲೆ ಸಮಯಗಳನ್ನು ಬರೆದು ನೋಡಿದಾಗ ಹೊಳೆಯಿತು. ಲಿಂಕ್ 11:27ಕ್ಕೆ ಕಡಿದದ್ದರಿಂದ ಡೇಟಾಬೇಸ್ ಏಳಲಿಲ್ಲ. ಬೇರೆ ಗಳಿಗೆಯಲ್ಲಿ ಕಡಿದಿದ್ದರೆ? 11 ಗಂಟೆಗೆ ಎರಡೂ ವೇಳಾಪಟ್ಟಿಗಳು ಕೂಡುತ್ತವೆ. ಲಾಗ್‌ನ ಸ್ನ್ಯಾಪ್‌ಶಾಟ್ ಡೇಟಾದ ಸ್ನ್ಯಾಪ್‌ಶಾಟ್‌ಗಿಂತ ಕೆಲವು ಸೆಕೆಂಡ್ ಮುಂದಿದ್ದರೆ ಚೇತರಿಕೆ ನಿಜವಾಗಿಯೂ ಸರಿಯಾಗಿ ನಡೆಯುತ್ತದೆ. ಲಾಗ್ ಮುಂದಿರುವುದು ನಿಯಮಕ್ಕೆ ವಿರುದ್ಧವಲ್ಲ, ಬೇಕಾದ ಹಳೆಯ ಲಾಗ್ ಫೈಲ್ ಅಷ್ಟರಲ್ಲಿ ಮರುಬಳಕೆಯಾಗಿರಬಾರದು ಅಷ್ಟೆ. ಈ ಎರಡು ಪ್ರತಿಗಳು ತಲುಪಿ, 11:05ರ ಡೇಟಾ ಪ್ರತಿ ಇನ್ನೂ ಪೂರ್ಣವಾಗಿರದ ಹೊತ್ತಿನಲ್ಲಿ ಕಡಿದಿದ್ದರೆ ಎಲ್ಲರೂ ಸಂತೋಷವಾಗಿ ಮನೆಗೆ ಹೋಗುತ್ತಿದ್ದರು.

ನಡುವಿನ ಗಳಿಗೆ ಇದೆಯಲ್ಲ, ಅದು ಕೆಟ್ಟದ್ದು. ಡೇಟಾದ ಪ್ರತಿ 11:05ರದು, ಲಾಗ್‌ನ ಪ್ರತಿ 11:00ರದು, ನಡುವೆ ಹೊಸ ಚೆಕ್‌ಪಾಯಿಂಟ್ ಇನ್ನೂ ಪೂರ್ಣವಾಗಿಲ್ಲ ಎಂದುಕೊಳ್ಳಿ. ಆಗ ಕಂಟ್ರೋಲ್ ಫೈಲ್ ಹೇಳುವ ಚೆಕ್‌ಪಾಯಿಂಟ್ ಲಾಗ್‌ನಲ್ಲಿ ಸಿಗುತ್ತದೆ. ಪೋಸ್ಟ್‌ಗ್ರೆಸ್ ಅಲ್ಲಿಂದ ಓದುತ್ತಾ 11:00ರವರೆಗೆ ಬಂದು, ಲಾಗ್ ಮುಗಿಯಿತು, ಚೇತರಿಕೆಯೂ ಮುಗಿಯಿತು ಎಂದು ಬಾಗಿಲು ತೆರೆಯುತ್ತದೆ. ಆದರೆ ಡಿಸ್ಕ್‌ನಲ್ಲಿ 11:00ರ ನಂತರದ ಬದಲಾವಣೆ ಹೊತ್ತ ಪುಟಗಳಿವೆ, ಕೆಲವು ಬಂದಿವೆ, ಕೆಲವು ಬಂದಿಲ್ಲ. ಯಾವ ದೋಷ ಸಂದೇಶವೂ ಇಲ್ಲದೆ ಅರೆಬರೆ ಡೇಟಾಬೇಸ್ ಕೆಲಸಕ್ಕೆ ನಿಲ್ಲುತ್ತದೆ. ಮುಂದೆ ಯಾವಾಗಲೋ ಅಂಥ ಪುಟವೊಂದನ್ನು ಬರೆಯಲು ಹೋದಾಗ, ಲಾಗ್ ಇನ್ನೂ ತಲುಪದ ಸ್ಥಾನದ ಎಲ್‌ಎಸ್‌ಎನ್ (ಲಾಗ್‌ನಲ್ಲಿನ ಸ್ಥಾನ ಹೇಳುವ ಸಂಖ್ಯೆ) ಈ ಪುಟದಲ್ಲಿದೆ ಎಂದು ಅದು ದೂರಬಹುದು. ಅಷ್ಟರೊಳಗೆ ಹೊಸ ವಹಿವಾಟುಗಳು ಅದರ ಮೇಲೆ ಕೂತಿರುತ್ತವೆ. ಏಳದ ಡೇಟಾಬೇಸ್ ಕನಿಷ್ಠ ಪ್ರಾಮಾಣಿಕವಾಗಿ ತನ್ನ ಸ್ಥಿತಿಯನ್ನು ಹೇಳಿತು.

ಸರಿಪಡಿಸಿದ ಬಗೆ

ಪರಿಹಾರ ಹೇಳಲು ಸುಲಭ: ಡೇಟಾಬೇಸ್‌ಗೆ ಸೇರಿದ ಎಲ್ಲ ವಾಲ್ಯೂಮ್‌ಗಳನ್ನು ಒಂದೇ ಕನ್ಸಿಸ್ಟೆನ್ಸಿ ಗ್ರೂಪ್‌ಗೆ ಸೇರಿಸಿ, ಗ್ರೂಪ್‌ಗೆ ಒಂದೇ ವೇಳಾಪಟ್ಟಿ ಕೊಡುವುದು. ಆಗ ಅರೇ ಎಲ್ಲ ಸದಸ್ಯರ ಬರವಣಿಗೆಯನ್ನು ಕ್ಷಣಕಾಲ ತಡೆದು ಒಂದೇ ಗಳಿಗೆಯ ಸ್ನ್ಯಾಪ್‌ಶಾಟ್ ತೆಗೆಯುತ್ತದೆ. ಎಲ್ಲ ಸದಸ್ಯರ ವರ್ಗಾವಣೆ ಮುಗಿದ ಮೇಲೆಯೇ ಆ ಗುಂಪನ್ನು ಡಿಆರ್ ಕಡೆ ಬಳಕೆಗೆ ಯೋಗ್ಯ ಎಂದು ಘೋಷಿಸುತ್ತದೆ.

ಆದರೆ 'ಎಲ್ಲ ವಾಲ್ಯೂಮ್‌ಗಳು' ಯಾವುವು? ಸ್ಟೋರೇಜ್ ಕಡೆಯ ಪಟ್ಟಿಯಿಂದ ಹೊರಟರೆ ಇರುವವು ಮಾತ್ರ ಕಾಣುತ್ತವೆ, ಬಿಟ್ಟುಹೋದವು ಎಂದಿಗೂ ಕಾಣುವುದಿಲ್ಲ. ಆದ್ದರಿಂದ ಡೇಟಾಬೇಸ್ ಕಡೆಯಿಂದ ಹೊರಟೆವು. ಡೇಟಾ ಡೈರೆಕ್ಟರಿ, ಲಾಗ್ ಡೈರೆಕ್ಟರಿಯ ಕೊಂಡಿ, ಟೇಬಲ್‌ಸ್ಪೇಸ್‌ಗಳ (ಟೇಬಲ್‌ಗಳನ್ನಿಡಲು ಬೇರೆಡೆ ಮಾಡಿದ ಜಾಗಗಳು) ಕೊಂಡಿಗಳು, ಅವು ಮುಟ್ಟುವ ಮೌಂಟ್, ಮೌಂಟ್ ಹಿಂದಿನ ಸಾಧನ, ಸಾಧನದ ಹಿಂದಿನ ವಾಲ್ಯೂಮ್ ಗುರುತು, ಆ ವಾಲ್ಯೂಮ್ ಇರುವ ಗ್ರೂಪ್: ಹೀಗೆ ಒಂದೊಂದು ಎಳೆಯನ್ನೂ ಕೊನೆಯವರೆಗೆ ಹಿಡಿದುಹೋದೆವು. ಆಗ ಹಳೆಯ ವರದಿಗಳಿಗೆಂದು ಮಾಡಿದ್ದ ಒಂದು ಟೇಬಲ್‌ಸ್ಪೇಸ್ ಸಿಕ್ಕಿತು. ಅದರ ವಾಲ್ಯೂಮ್‌ಗೆ ರೆಪ್ಲಿಕೇಶನ್ ಜೋಡಿಯೇ ಇರಲಿಲ್ಲ. ಡ್ರಿಲ್ ಲಾಗ್ ಹಂತದಲ್ಲಿಯೇ ನಿಂತುಹೋದ ಕಾರಣ ಇದು ಮುಖ ತೋರಿಸಿರಲಿಲ್ಲ. ಈಗ ಇದೇ ಹುಡುಕಾಟವನ್ನು ಒಂದು ಸ್ಕ್ರಿಪ್ಟ್ ದಿನಕ್ಕೊಮ್ಮೆ ಮಾಡುತ್ತದೆ. ಡೇಟಾಬೇಸ್ ಬಳಸುವ ಯಾವುದೇ ಸಾಧನ ಗ್ರೂಪ್‌ನ ಹೊರಗಿದ್ದರೆ ಎರಡೂ ತಂಡಗಳಿಗೆ ಎಚ್ಚರಿಕೆ ಹೋಗುತ್ತದೆ.

ಗ್ರೂಪ್ ರಚಿಸುವ ಅವಧಿಯ ರಕ್ಷಣೆಯನ್ನೂ ಯೋಚಿಸಬೇಕಿತ್ತು. ಹೊಸ ಸದಸ್ಯ ವಾಲ್ಯೂಮ್‌ನ ಮೊದಲ ಪೂರ್ಣ ವರ್ಗಾವಣೆ ಮುಗಿಯುವವರೆಗೆ ಗ್ರೂಪ್‌ಗೆ ಒಂದೂ ಸಮಗ್ರ ಪ್ರತಿ ಇರುವುದಿಲ್ಲ. ಅಷ್ಟು ಹೊತ್ತು ಬರಿಗೈಯಲ್ಲಿ ಇರಬಾರದೆಂದು, ಡೇಟಾಬೇಸ್‌ನದೇ ಬೇಸ್ ಬ್ಯಾಕಪ್ (ಪೂರ್ಣ ಪ್ರತಿ) ತೆಗೆದು ಡಿಆರ್ ಕಡೆ ಪುನಃಸ್ಥಾಪಿಸಿ, ಲಾಗ್ ಫೈಲ್‌ಗಳನ್ನು ಬೇರೆ ದಾರಿಯಲ್ಲಿ ಕಳುಹಿಸುತ್ತಾ ಹೋದೆವು. ಅದಾದ ನಂತರವೇ ಸ್ಟೋರೇಜ್ ಬದಲಾವಣೆಗೆ ಕೈ ಹಾಕಿದ್ದು.

ಡ್ರಿಲ್ ಮುಗಿದ ಮೇಲೆ ಮುರಿದ ಜೋಡಿಗಳನ್ನು ಮತ್ತೆ ಜೋಡಿಸುವ ಹಂತದ ಬಗ್ಗೆ ಒಂದು ಮಾತು ಒತ್ತಿ ಹೇಳಲೇಬೇಕು. ಮರುಜೋಡಣೆಗೆ ದಿಕ್ಕು ಇದೆ. ಪ್ರಾಥಮಿಕದಿಂದ ಡಿಆರ್ ಕಡೆಗೆ ಎಂದರೆ ಡ್ರಿಲ್‌ನ ಕಸ ಅಳಿಸಿಹೋಗುತ್ತದೆ. ದಿಕ್ಕು ತಿರುಗಿದರೆ ಜೀವಂತ ಉತ್ಪಾದನಾ ಡೇಟಾದ ಮೇಲೆ ಹಳೆಯ ಪ್ರತಿ ಬಂದು ಕೂರುತ್ತದೆ. ಎರಡೂ ಕಡೆಯ ವಾಲ್ಯೂಮ್‌ಗಳಿಗೆ ಒಂದೇ ಹೆಸರಿಡುವ ಪದ್ಧತಿ ಬಹಳ ಕಡೆ ಇದೆ, ಇಲ್ಲಿಯೂ ಇತ್ತು. ಹಾಗಾಗಿ ಹೆಸರನ್ನು ನಂಬದೆ ಅರೇಯ ಸರಣಿ ಸಂಖ್ಯೆಯನ್ನು ಇಬ್ಬರು ಗಟ್ಟಿಯಾಗಿ ಓದಿ, ಪ್ರಾಥಮಿಕ ಕಡೆ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಆಮೇಲೆ ಆಜ್ಞೆ ಕೊಡುವ ಕ್ರಮವನ್ನು ಬರೆದಿಟ್ಟೆವು.

'ಸಿಂಕ್ರೊನಸ್ ಮಾಡಿಬಿಡಿ' ಎಂಬ ಸಲಹೆ

ಆಡಳಿತದ ಕಡೆಯಿಂದ ಬಂದ ಪ್ರಶ್ನೆ ನ್ಯಾಯವಾದದ್ದೇ: ಎರಡೂ ಕಡೆ ಒಟ್ಟಿಗೇ ಬರೆದರೆ ಈ ತಾಪತ್ರಯವೇ ಇರುವುದಿಲ್ಲವಲ್ಲ? ಮೊದಲ ತೊಡಕು ದೂರ. ಗಾಜಿನ ತಂತುವಿನಲ್ಲಿ ಬೆಳಕು ಒಂದು ಕಿಲೋಮೀಟರ್‌ಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. 300 ಕಿಲೋಮೀಟರ್ ಹೋಗಿ ಬರಲು ಕನಿಷ್ಠ 3 ಮಿಲಿಸೆಕೆಂಡ್. ದಾರಿಯ ಸುತ್ತು ಮತ್ತು ಸಾಧನಗಳು ಸೇರಿ ಇಲ್ಲಿ ಅದು 8. ಪ್ರತಿಯೊಂದು ಕಮಿಟ್ (ವಹಿವಾಟನ್ನು ಖಾಯಂ ಮಾಡುವ ಹೆಜ್ಜೆ) ಕೂಡ ಅಷ್ಟು ಕಾಯಬೇಕು. ಲಾಗ್ ಅನ್ನು ವೇಗದ ಡಿಸ್ಕ್‌ಗೆ ಸರಿಸಿದ್ದರ ಉದ್ದೇಶವೇ ಅಲ್ಲಿಗೆ ಮಣ್ಣುಪಾಲು.

ಎರಡನೆಯ ತೊಡಕನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗ್ರೂಪ್ ಇಲ್ಲದ ಸಿಂಕ್ರೊನಸ್ ರೆಪ್ಲಿಕೇಶನ್ ಕೂಡ ಇದೇ ಹಳ್ಳಕ್ಕೆ ಬೀಳಬಲ್ಲದು. ವಿಪತ್ತು ಒಂದೇ ಏಟಿಗೆ ಎಲ್ಲವನ್ನೂ ಕೆಡವುವುದು ಕಡಿಮೆ. ಮೊದಲು ಒಂದು ಪೋರ್ಟ್, ಸ್ವಲ್ಪ ಹೊತ್ತಿಗೆ ಒಂದು ಸ್ವಿಚ್, ಆಮೇಲೆ ವಿದ್ಯುತ್. ಒಂದು ಜೋಡಿಯ ಸಂಪರ್ಕ ಕಡಿದರೂ ಕೆಲಸ ನಿಲ್ಲದಿರಲಿ ಎಂಬ ನೀತಿಯಿದ್ದರೆ, ಆ ಜೋಡಿ ಅಲ್ಲಿಗೇ ನಿಂತು ಉಳಿದವು ಮುಂದೆ ಹೋಗುತ್ತವೆ. ಕೊನೆಗೆ ಕೇಂದ್ರ ಪೂರ್ತಿ ಬಿದ್ದಾಗ ಆಚೆ ಇರುವ ಪ್ರತಿಗಳು ಬೇರೆ ಬೇರೆ ಕಾಲದವು. ಒಬ್ಬ ಸದಸ್ಯ ನಿಂತರೆ ಇಡೀ ಗುಂಪನ್ನು ಅದೇ ಗಳಿಗೆಯಲ್ಲಿ ನಿಲ್ಲಿಸುವುದು ಗ್ರೂಪ್‌ನ ಕೆಲಸ.

ನನ್ನ ಅಭಿಪ್ರಾಯ ಕೇಳಿದರೆ, ಡೇಟಾಬೇಸ್ ಒಂದಕ್ಕೇ ಆದರೆ ಡೇಟಾಬೇಸ್‌ನದೇ ಸ್ಟ್ರೀಮಿಂಗ್ ರೆಪ್ಲಿಕೇಶನ್ ಉತ್ತಮ. ಅದು ಲಾಗ್‌ನ ಕ್ರಮವನ್ನೇ ಹಿಡಿದು ಸಾಗುವುದರಿಂದ ಈ ಬಗೆಯ ತಪ್ಪಿಗೆ ಅವಕಾಶವೇ ಕಡಿಮೆ. ಇಲ್ಲಿ ಹತ್ತಾರು ವ್ಯವಸ್ಥೆಗಳಿಗೆ ಒಂದೇ ವಿಧಾನ ಬೇಕೆಂಬ ಕಾರಣಕ್ಕೆ ಸ್ಟೋರೇಜ್ ಮಟ್ಟವನ್ನು ಉಳಿಸಿಕೊಂಡರು. ಅದೂ ಒಪ್ಪುವಂಥ ಕಾರಣವೇ.

ಪರೀಕ್ಷೆ, ಮತ್ತು ಉಳಿದ ಕೆಲಸ

ಹೊಸ ವ್ಯವಸ್ಥೆಯನ್ನು ಅಳೆಯಲು ಡೇಟಾಬೇಸ್‌ನಲ್ಲಿ ಒಂದು ಸಣ್ಣ ಟೇಬಲ್ ಇಟ್ಟೆವು. ಸೆಕೆಂಡಿಗೊಮ್ಮೆ ಅದರಲ್ಲಿ ಸಮಯ ಬರೆಯಲಾಗುತ್ತದೆ. ಡಿಆರ್ ಕಡೆ ಎದ್ದ ಪ್ರತಿಯಲ್ಲಿ ಆ ಟೇಬಲ್‌ನ ಕೊನೆಯ ಸಾಲು ನೋಡಿದರೆ, ಎಷ್ಟು ಡೇಟಾ ಹೋಯಿತು ಎಂಬುದಕ್ಕೆ ಅರೇಯ ಲೆಕ್ಕವನ್ನು ಕೇಳಬೇಕಾಗಿಲ್ಲ. 5 ನಿಮಿಷದ ವೇಳಾಪಟ್ಟಿ ಎಂದರೆ ನಷ್ಟವೂ 5 ನಿಮಿಷ ಎಂದು ಭಾವಿಸುವವರಿದ್ದಾರೆ. ವರ್ಗಾವಣೆಗೆ 2 ನಿಮಿಷ ಹಿಡಿದರೆ, ಅದು ಮುಗಿಯುವ ಹೊಸ್ತಿಲಲ್ಲಿ ಲಿಂಕ್ ಕಡಿದಾಗ ಕೈಯಲ್ಲಿರುವುದು ಅದರ ಹಿಂದಿನ ಪ್ರತಿ, ಅಂದರೆ ನಷ್ಟ 7 ನಿಮಿಷದ ಹತ್ತಿರ. ಅವಧಿ ಮತ್ತು ವರ್ಗಾವಣೆಯ ಸಮಯ ಎರಡನ್ನೂ ಕೂಡಿಸಿಯೇ ಆರ್‌ಪಿಒ ಲೆಕ್ಕ ಹಾಕಬೇಕು.

ಲಿಂಕನ್ನು ಮತ್ತೆ ಕಡಿದೆವು, ಈ ಬಾರಿ ವೇಳಾಪಟ್ಟಿಯ ಬೇರೆ ಬೇರೆ ಬಿಂದುಗಳಲ್ಲಿ: ವರ್ಗಾವಣೆಯ ನಟ್ಟನಡುವೆ, ಚೆಕ್‌ಪಾಯಿಂಟ್ ನಡೆಯುವಾಗ, ಭಾರೀ ಬರವಣಿಗೆ ಇರುವಾಗ. ಪ್ರತಿ ಬಾರಿಯೂ ಡಿಆರ್ ಕಡೆಯ ಸ್ನ್ಯಾಪ್‌ಶಾಟ್‌ನ ಕ್ಲೋನ್ ಮೇಲೆ ಡೇಟಾಬೇಸ್ ತಾನಾಗಿ ಚೇತರಿಸಿಕೊಂಡು ಎದ್ದಿತು, ಆಮ್‌ಚೆಕ್ ಮೌನವಾಗಿತ್ತು, ಇಡೀ ಡೇಟಾಬೇಸಿನ ಡಂಪ್ ದೋಷವಿಲ್ಲದೆ ಮುಗಿಯಿತು, ನಷ್ಟ ಗುರಿಯ ಒಳಗಿತ್ತು.

ಈ ನಡುವೆ ಇನ್ನೊಂದು ತೊಡಕು ಹೊರಬಿತ್ತು, ಇದಕ್ಕೂ ರೆಪ್ಲಿಕೇಶನ್‌ಗೂ ಸಂಬಂಧವಿಲ್ಲ. ಡಿಆರ್ ಸರ್ವರ್‌ನ ಲಿನಕ್ಸ್ ಪ್ರಾಥಮಿಕದ್ದಕ್ಕಿಂತ ಹೊಸದಾಗಿತ್ತು. 2018ರಲ್ಲಿ ಬಂದ ಜಿಎನ್‌ಯು ಸಿ ಲೈಬ್ರರಿಯ 2.28ನೇ ಆವೃತ್ತಿ ಪದಗಳ ಅನುಕ್ರಮದ ನಿಯಮಗಳನ್ನು ಬದಲಿಸಿತು. ಅದರ ಹಿಂದಿನ ನಿಯಮದಲ್ಲಿ ಕಟ್ಟಿದ ಪಠ್ಯದ ಇಂಡೆಕ್ಸ್‌ಗಳನ್ನು ಹೊಸ ಲೈಬ್ರರಿಯ ಮೇಲೆ ಹಾಗೆಯೇ ಬಳಸಿದರೆ ಇರುವ ಸಾಲು ಇಲ್ಲ ಎಂದು ಉತ್ತರ ಬರಬಹುದು. ಎರಡೂ ಕಡೆ ಒಂದೇ ಆವೃತ್ತಿಯನ್ನು ಹಾಕಿಸಲಾಯಿತು.

ಉಳಿದಿರುವುದು ಲಗತ್ತು ಫೈಲ್‌ಗಳ ಪ್ರಶ್ನೆ. ಬಳಕೆದಾರರು ಸಲ್ಲಿಸುವ ದಾಖಲೆಗಳು ಬೇರೆಯೇ ಫೈಲ್ ಸರ್ವರ್‌ನಲ್ಲಿವೆ, ಅವುಗಳ ಹೆಸರುಗಳಷ್ಟೇ ಡೇಟಾಬೇಸ್‌ನಲ್ಲಿವೆ. ಆ ಸರ್ವರ್‌ನ ರೆಪ್ಲಿಕೇಶನ್ ಬೇರೆ ಸಾಧನದ್ದು, ಈ ಗ್ರೂಪ್‌ಗೆ ಸೇರಲು ಸಾಧ್ಯವಿಲ್ಲ. ಡಿಆರ್ ಕಡೆ ಎದ್ದಾಗ, ಹೆಸರು ಇದ್ದು ಫೈಲ್ ಇಲ್ಲದ ಕೆಲವು ಸಾಲುಗಳು ಖಂಡಿತ ಇರುತ್ತವೆ. ಅವುಗಳನ್ನು ಪಟ್ಟಿ ಮಾಡುವ ಸ್ಕ್ರಿಪ್ಟ್ ಸಿದ್ಧವಾಗಿದೆ. ಆ ಪಟ್ಟಿಯಲ್ಲಿರುವವರಿಂದ ದಾಖಲೆಯನ್ನು ಮತ್ತೆ ಕೇಳಬೇಕೇ, ಕೇಳುವುದಾದರೆ ಯಾರು ಕೇಳಬೇಕು ಎಂಬುದನ್ನು ಸಂಸ್ಥೆಯ ಕಾರ್ಯಾಚರಣೆ ವಿಭಾಗ ಇನ್ನೂ ತೀರ್ಮಾನಿಸಬೇಕಿದೆ. ಮುಂದಿನ ಡ್ರಿಲ್‌ಗೆ ಮೊದಲು ಆ ತೀರ್ಮಾನ ಬರಹದಲ್ಲಿ ಬರಲಿ ಎಂದು ಕೇಳಿದ್ದೇವೆ.